ಕರಪತ್ರದಿಂದ ಜಾಲತಾಣಕ್ಕೆ: ನಾಲ್ಕು ತಿಂಗಳ ದಾರಿ

ಪತ್ರಿಕೆ ಜಾಹೀರಾತು, ಕರಪತ್ರ, ಬ್ಯಾನರ್, ಫೋನು, ನೇರ ಭೇಟಿ. ವರ್ಷಗಟ್ಟಲೆ ಇವನ್ನೇ ನೆಚ್ಚಿಕೊಂಡಿದ್ದ ನಮ್ಮ ಸಂಸ್ಥೆಯ ಮಾರಾಟದ ಕೆಲಸವನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗೂ ಹಬ್ಬಿಸುವ ಪ್ರಯತ್ನ ಈಗಷ್ಟೇ ಒಂದು ಹದಕ್ಕೆ ಬಂದಿದೆ. ಎರಡು ವಾರ ಸಾಕು ಅಂದುಕೊಂಡಿದ್ದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಮೊದಲ ಆರು ವಾರದಲ್ಲಿ ಒಂದೇ ಒಂದು ಜಾಹೀರಾತೂ ಹೊರಬರಲಿಲ್ಲ. ಆ ಸಮಯವೆಲ್ಲ ಪಾಸ್‌ವರ್ಡ್ ಹುಡುಕುವುದಕ್ಕೆ, ಕಾಗದಪತ್ರ ಹೊಂದಿಸುವುದಕ್ಕೆ ಹೋಯಿತು. ಈ ದಾರಿಯನ್ನು ಈಗ ಹಿಡಿಯುವವರಿಗೆ ಅಷ್ಟು ದಿನ ಬೇಕಾಗಬಾರದು, ಅದಕ್ಕೇ ಇದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹೊಸ ಪೇಜ್ ತೆರೆಯುವ ಮುಂಚೆ ನಿಮ್ಮ ಹೆಸರಿನಲ್ಲಿ ಈಗಾಗಲೇ ಏನೇನಿದೆ ಎಂದು ಹುಡುಕಿ. ಫೇಸ್‌ಬುಕ್ ಪೇಜ್‌ಗಳು ಬಂದದ್ದು 2007ರಲ್ಲಿ. ಅಂದಿನಿಂದ ಇಂದಿನವರೆಗೆ ಯಾರೋ ಒಬ್ಬರು ಉತ್ಸಾಹದಿಂದ ಪೇಜ್ ತೆರೆದು ಬಿಟ್ಟಿರುವ ಸಾಧ್ಯತೆ ಹೆಚ್ಚು. ನಮಗೆ ಸಿಕ್ಕಿದ್ದು ಮೂರು. ಒಂದು, ಕೆಲಸ ಬಿಟ್ಟುಹೋದವರ ಸ್ವಂತ ಖಾತೆಗೆ ಅಂಟಿಕೊಂಡಿದ್ದ ಪೇಜ್. ಇನ್ನೊಂದು, ಗ್ರಾಹಕರು ಚೆಕ್‌ಇನ್ ಮಾಡಿದಾಗ ತಾನೇ ಹುಟ್ಟಿಕೊಂಡ, ಒಡೆಯರಿಲ್ಲದ ಪುಟ. ಮೂರನೆಯದು ಪೇಜ್ ಅಲ್ಲವೇ ಅಲ್ಲ, ಸಂಸ್ಥೆಯ ಹೆಸರಿನಲ್ಲಿ ತೆರೆದಿದ್ದ ವೈಯಕ್ತಿಕ ಪ್ರೊಫೈಲ್. ಅದು ನಿಯಮಕ್ಕೆ ವಿರುದ್ಧ, ಯಾವತ್ತು ಬೇಕಾದರೂ ಮುಚ್ಚಿಹೋಗಬಹುದು. ಗ್ರಾಹಕರ ನಾಲ್ಕಾರು ವರ್ಷದ ಮೆಚ್ಚುಗೆ ಮಾತುಗಳು ಮೊದಲನೆಯದರಲ್ಲೇ ಇದ್ದವು. ಅದನ್ನು ಬಿಟ್ಟು ಹೊಸದು ತೆರೆಯಲು ಮನಸ್ಸು ಒಪ್ಪಲಿಲ್ಲ. ಹಳೆಯ ಸಹೋದ್ಯೋಗಿ ಒಳ್ಳೆಯ ಮನಸ್ಸಿನವರು, ಫೋನ್ ಮಾಡಿದ್ದಕ್ಕೆ ಒಂದೇ ಸಂಜೆಯಲ್ಲಿ ಹಕ್ಕು ವರ್ಗಾಯಿಸಿದರು. ಅವರು ಸಿಗದಿದ್ದರೆ ದಾಖಲೆ ಕೊಟ್ಟು ಒಡೆತನ ಸಾಧಿಸುವ ದೂರದ ದಾರಿಯೇ ಗತಿಯಾಗುತ್ತಿತ್ತು.

ಹಾಗಾಗಿ ಮೊದಲ ದಿನವೇ ಒಂದು ಕೆಲಸ ಮಾಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರರ ಒಡೆಯ ಕಂಪನಿಯಾದ ಮೆಟಾದ ಬಿಸಿನೆಸ್ ಪೋರ್ಟ್‌ಫೋಲಿಯೋ (ಸಂಸ್ಥೆಯ ಖಾತೆಗಳನ್ನೆಲ್ಲ ಒಂದೆಡೆ ನೋಡಿಕೊಳ್ಳುವ ಜಾಗ, ಹಿಂದೆ ಬಿಸಿನೆಸ್ ಮ್ಯಾನೇಜರ್ ಅನ್ನುತ್ತಿದ್ದದ್ದು) ಸಂಸ್ಥೆಯ ಇಮೇಲ್‌ನಲ್ಲಿ ತೆರೆದು, ಪೇಜ್, ಇನ್‌ಸ್ಟಾಗ್ರಾಂ ಖಾತೆ, ಜಾಹೀರಾತು ಖಾತೆ ಮೂರನ್ನೂ ಅದರೊಳಗೆ ತನ್ನಿ. ಪೂರ್ಣ ಹಕ್ಕು ಇಬ್ಬರಿಗಿರಲಿ. ಒಬ್ಬರಿಗೇ ಇದ್ದು ಅವರ ಫೋನ್ ಕಳೆದುಹೋದರೆ ಇಡೀ ಮನೆಗೇ ಬೀಗ ಬಿದ್ದ ಹಾಗೆ. ಹೊರಗಿನ ಏಜೆನ್ಸಿಗೆ ಕೆಲಸ ವಹಿಸುವುದಾದರೆ ಪಾಸ್‌ವರ್ಡ್ ಕೊಡಬೇಡಿ. ಅವರ ಬಿಸಿನೆಸ್ ಐಡಿ ಪಡೆದು ‘ಪಾರ್ಟ್ನರ್’ ಆಗಿ ಸೇರಿಸಿ. ಎಲ್ಲವನ್ನೂ ಏಜೆನ್ಸಿಯವರು ತಮ್ಮ ಪೋರ್ಟ್‌ಫೋಲಿಯೋದಲ್ಲೇ ತೆರೆದುಕೊಟ್ಟರೆ ಅವರನ್ನು ಬಿಟ್ಟ ದಿನ ನಿಮ್ಮ ಜಾಹೀರಾತಿನ ಇತಿಹಾಸವೂ ಕೈಬಿಡುತ್ತದೆ. ಜಾಹೀರಾತು ಖಾತೆ ತೆರೆಯುವಾಗ ಕೇಳುವ ಕರೆನ್ಸಿ, ಟೈಮ್ ಝೋನ್ ಎರಡನ್ನೂ ಅವಸರದಲ್ಲಿ ಒತ್ತಬೇಡಿ. ಆಮೇಲೆ ಬದಲಾಯಿಸಲು ಹೋದರೆ ಹೊಸ ಖಾತೆಯೇ ಹುಟ್ಟುತ್ತದೆ, ಹಳೆಯ ಲೆಕ್ಕ ಹಳೆಯದರಲ್ಲೇ ಉಳಿಯುತ್ತದೆ. ತೆರಿಗೆ ಸಂಖ್ಯೆಯನ್ನೂ ಮೊದಲ ಜಾಹೀರಾತಿಗೆ ಮುಂಚೆಯೇ ತುಂಬಿ. ಇಲ್ಲದಿದ್ದರೆ ವರ್ಷದ ಕೊನೆಗೆ ಲೆಕ್ಕಪರಿಶೋಧಕರ ಮುಂದೆ ಸಂಖ್ಯೆ ಇಲ್ಲದ ಬಿಲ್ ಹಿಡಿದು ಕೂರಬೇಕಾಗುತ್ತದೆ.

ಎರಡನೇ ವಾರದಿಂದ ಐದನೇ ವಾರದವರೆಗೆ ನಡೆದದ್ದು ಬಿಸಿನೆಸ್ ವೆರಿಫಿಕೇಶನ್, ಅಂದರೆ ಸಂಸ್ಥೆ ನಿಜವಾದದ್ದೇ ಎಂದು ಮೆಟಾ ದಾಖಲೆ ನೋಡಿ ಖಚಿತಪಡಿಸಿಕೊಳ್ಳುವುದು. ಎಲ್ಲಕ್ಕಿಂತ ಹೆಚ್ಚು ಬೇಸರ ತಂದದ್ದೂ ಇದೇ. ಕೇಳುವುದು ದೊಡ್ಡದೇನಲ್ಲ: ನೋಂದಣಿ ಪತ್ರ, ವಿಳಾಸ ತೋರಿಸುವ ಒಂದು ದಾಖಲೆ, ಫೋನ್ ನಂಬರ್, ವೆಬ್‌ಸೈಟ್. ತೊಡಕು ಇರುವುದು ಹೆಸರಿನಲ್ಲಿ. ಹಳೆಯ ಸಂಸ್ಥೆಗಳಿಗೆ ಹೆಸರು ಮೂರು ನಾಲ್ಕು ಇರುತ್ತವೆ. ನೋಂದಣಿಯಲ್ಲಿ ಒಂದು ಉದ್ದನೆಯ ಹೆಸರು, ಬೋರ್ಡಿನ ಮೇಲೆ ಜನ ಕರೆಯುವ ಚಿಕ್ಕ ಹೆಸರು, ವೆಬ್‌ಸೈಟಿನಲ್ಲಿ ಬ್ರ್ಯಾಂಡ್ ಹೆಸರು, ವಿದ್ಯುತ್ ಬಿಲ್ಲಿನಲ್ಲಿ ಕಟ್ಟಡದ ಮಾಲೀಕರ ಹೆಸರು. ಜನರಿಗೆ ಇವೆಲ್ಲ ಒಂದೇ ಎಂದು ಗೊತ್ತು, ದಾಖಲೆ ನೋಡುವವರಿಗೆ ಗೊತ್ತಾಗುವುದಿಲ್ಲ. ನಮ್ಮ ಅರ್ಜಿ ಎರಡು ಸಲ ವಾಪಸ್ ಬಂತು. ಒಮ್ಮೆ ಹೆಸರಿನಲ್ಲಿ ಒಂದು ಪದ ಕಡಿಮೆ ಇತ್ತು, ಇನ್ನೊಮ್ಮೆ ಸ್ಕ್ಯಾನ್‌ನಲ್ಲಿ ದಾಖಲೆಯ ಒಂದು ಮೂಲೆ ಕತ್ತರಿಸಿಹೋಗಿತ್ತು. ಕೊನೆಗೆ ಕೆಲಸ ಮಾಡಿದ ಉಪಾಯ ಸರಳವಾದದ್ದು. ವೆಬ್‌ಸೈಟಿನ ಎಲ್ಲ ಪುಟಗಳ ಅಡಿಯಲ್ಲಿ ನೋಂದಣಿ ಪತ್ರದಲ್ಲಿರುವ ಹೆಸರು, ವಿಳಾಸ, ಫೋನ್ ನಂಬರನ್ನು ಅಕ್ಷರಕ್ಕೆ ಅಕ್ಷರ ಹಾಗೆಯೇ ಹಾಕಿಸಿದೆವು. ಅದೇ ಪಠ್ಯವನ್ನು ಅರ್ಜಿಗೆ ಕಾಪಿ ಮಾಡಿದೆವು. ನಾಲ್ಕೂ ಮೂಲೆ ಕಾಣುವ, ಅವಧಿ ಮುಗಿಯದ ದಾಖಲೆಯ ಬಣ್ಣದ ಸ್ಕ್ಯಾನ್ ಜೊತೆಗಿಟ್ಟೆವು.

ವೆಬ್‌ಸೈಟಿನ ವಿಳಾಸ ನಿಮ್ಮದೇ ಎಂದು ತೋರಿಸುವ ಡೊಮೇನ್ ದೃಢೀಕರಣವನ್ನೂ ಇದೇ ಹೊತ್ತಿನಲ್ಲಿ ಮುಗಿಸಿ. ಮೆಟಾ ಕೊಡುವ ಟೆಕ್ಸ್ಟ್ ದಾಖಲೆಯೊಂದನ್ನು ಆ ವಿಳಾಸದ ಸೆಟ್ಟಿಂಗ್‌ಗಳಿರುವ ಡಿಎನ್‌ಎಸ್‌ನಲ್ಲಿ ಸೇರಿಸಬೇಕು. ಅದು ಎಲ್ಲೆಡೆ ಹರಡಲು 72 ಗಂಟೆಯವರೆಗೂ ಬೇಕಾಗಬಹುದು. ಅರ್ಧ ಗಂಟೆಗೆ ಕಾಣಲಿಲ್ಲವೆಂದು ಅಳಿಸಿ ಮತ್ತೆ ಹಾಕಿದರೆ ಕಾಯುವಿಕೆ ಮೊದಲಿನಿಂದ ಶುರುವಾಗುತ್ತದೆ.

ವಾಟ್ಸಾಪ್ ಬಿಸಿನೆಸ್‌ಗೆ ಯಾವ ನಂಬರ್ ಕೊಡಬೇಕು ಎಂಬ ಚರ್ಚೆ ಎರಡು ದಿನ ನಡೆಯಿತು. ವರ್ಷಗಳಿಂದ ಎಲ್ಲ ಕರಪತ್ರದ ಮೇಲೆ ಅಚ್ಚಾಗಿರುವುದು ಲ್ಯಾಂಡ್‌ಲೈನ್ ನಂಬರ್, ಹಳೆಯ ಗ್ರಾಹಕರ ಬಾಯಿಗೆ ಬರುವುದೂ ಅದೇ. ಲ್ಯಾಂಡ್‌ಲೈನನ್ನೇ ವಾಟ್ಸಾಪ್ ಬಿಸಿನೆಸ್‌ನಲ್ಲಿ ನೋಂದಾಯಿಸಬಹುದು, ತುಂಬಾ ಜನಕ್ಕೆ ಇದು ತಿಳಿದಿರುವುದಿಲ್ಲ. ಎಸ್‌ಎಂಎಸ್ ಬದಲು ‘ಕರೆ ಮಾಡಿ’ ಆಯ್ಕೆ ಒತ್ತಿದರೆ ಆರು ಅಂಕಿಯ ಕೋಡನ್ನು ಫೋನಿನಲ್ಲಿ ಓದಿ ಹೇಳುತ್ತದೆ. ಆದರೆ ಆ ನಂಬರಿಗೆ ‘ಮಾರಾಟಕ್ಕಾಗಿ ಒಂದನ್ನು ಒತ್ತಿ’ ಅನ್ನುವ ಧ್ವನಿಮುದ್ರಿತ ಉತ್ತರ ಇದ್ದರೆ, ಅಲ್ಲಿನ ಯಂತ್ರ ಇಲ್ಲಿನ ಯಂತ್ರಕ್ಕೆ ಕೋಡ್ ಹೇಳಿ ಕರೆ ಮುಗಿಸಿಬಿಡುತ್ತದೆ. ಹತ್ತು ನಿಮಿಷ ಆ ವ್ಯವಸ್ಥೆ ನಿಲ್ಲಿಸಿ, ಒಬ್ಬರು ರಿಸೀವರ್ ಎತ್ತಿಕೊಳ್ಳಲು ಸಿದ್ಧವಾಗಿ ಕೂತಿರಬೇಕು. ತಪ್ಪಿತೆಂದು ಮತ್ತೆ ಮತ್ತೆ ಒತ್ತಿದರೆ ಮುಂದಿನ ಪ್ರಯತ್ನಕ್ಕೆ ಕಾಯಬೇಕಾದ ಸಮಯ ಬೆಳೆಯುತ್ತಾ ಹೋಗುತ್ತದೆ. ಒಂದೇ ನಂಬರ್ ಸಾಮಾನ್ಯ ವಾಟ್ಸಾಪ್‌ನಲ್ಲೂ ಬಿಸಿನೆಸ್‌ನಲ್ಲೂ ಒಟ್ಟಿಗೆ ಇರಲಾರದು, ಇದೂ ನೆನಪಿರಲಿ. ಎರಡು ಹಂತದ ದೃಢೀಕರಣದ ಪಿನ್ ಇಟ್ಟ ಕೂಡಲೇ ಕಚೇರಿಯ ಕಡತದಲ್ಲಿ ಬರೆದಿಡಿ, ಒಬ್ಬರ ನೆನಪಿಗೆ ಬಿಡಬೇಡಿ.

ಆರನೇ ವಾರ ಹಳೆಯ ಗ್ರಾಹಕರ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆವು. ಸಾಂಪ್ರದಾಯಿಕ ಮಾರಾಟಗಾರರ ಬಳಿ ಇರುವ ದೊಡ್ಡ ಆಸ್ತಿ ಇದೇ. ಹೊಸದಾಗಿ ಜಾಲತಾಣದಲ್ಲಿ ಹುಟ್ಟಿದ ವ್ಯಾಪಾರಗಳಿಗೆ ಇದು ಇರುವುದಿಲ್ಲ. ರಸೀದಿ ಪುಸ್ತಕ, ವಸ್ತುಪ್ರದರ್ಶನದಲ್ಲಿ ಬರೆಸಿಕೊಂಡ ಚೀಟಿ, ಸರ್ವಿಸ್ ರಿಜಿಸ್ಟರ್ ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಗೆ ಇಳಿಸಲು ಇಬ್ಬರಿಗೆ ಒಂಬತ್ತು ದಿನ ಬೇಕಾಯಿತು. ನಂಬರಿಗೆ ದೇಶದ ಕೋಡ್ ಸೇರಿಸಬೇಕು, ನಡುವಿನ ಖಾಲಿ ಜಾಗ ತೆಗೆಯಬೇಕು, ಒಂದೇ ಮನೆಯ ಎರಡು ನಮೂದುಗಳನ್ನು ಗುರುತಿಸಬೇಕು. ಪ್ರತಿ ಸಾಲಿನ ಮುಂದೆ ಇನ್ನೊಂದು ಕಾಲಂ ಕಡ್ಡಾಯವಾಗಿ ಇಡಿ: ಈ ನಂಬರನ್ನು ಅವರು ಯಾತಕ್ಕಾಗಿ ಕೊಟ್ಟರು? ರಿಪೇರಿಗೆಂದು ಕೊಟ್ಟ ನಂಬರಿಗೆ ರಿಯಾಯಿತಿ ಸಂದೇಶ ಕಳಿಸುವ ಹಕ್ಕು ನಮಗಿಲ್ಲ. ಒಪ್ಪಿಗೆ ಇಲ್ಲದೆ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ಬ್ಲಾಕ್‌ಗಳು ಹೆಚ್ಚಾದರೆ ನಂಬರಿಗೇ ಕುತ್ತು. ಅದಕ್ಕಿಂತ ಮುಖ್ಯವಾಗಿ, ಇಪ್ಪತ್ತು ವರ್ಷದ ಪರಿಚಯ ಒಂದು ಗುಂಡಿ ಒತ್ತುವುದರಲ್ಲಿ ಮುಗಿದುಹೋಗುತ್ತದೆ.

ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯ ಬಗ್ಗೆ ತುಂಬಾ ಜನ ತಪ್ಪು ತಿಳಿದಿದ್ದಾರೆ. ಒಂದು ಪಟ್ಟಿಗೆ 256 ಜನ ಮಿತಿ. ಅದರಲ್ಲೂ ಯಾರು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದಾರೋ ಅವರಿಗೆ ಮಾತ್ರ ತಲುಪುತ್ತದೆ. ಮೊದಲ ಸಂದೇಶ ಕಳಿಸಿದ ದಿನ ಸಂದೇಶ ತಲುಪಿಲ್ಲ ಎನ್ನುವ ಒಂಟಿ ಟಿಕ್ ಗುರುತನ್ನು ಸಾಲುಸಾಲಾಗಿ ನೋಡಿ ಎದೆ ಧಸಕ್ಕೆಂದಿತು. ಜನಕ್ಕೆ ನಾವು ಬೇಡವಾದೆವೇನೋ ಅನ್ನಿಸಿತು. ಕಾರಣ ಅಷ್ಟೇ, ಅವರ ಫೋನಿನಲ್ಲಿ ನಮ್ಮ ನಂಬರ್ ಇರಲಿಲ್ಲ. ಆಮೇಲೆ ರಸೀದಿಯ ಕೆಳಗೆ ‘ಈ ನಂಬರ್ ಸೇವ್ ಮಾಡಿಕೊಂಡು ಒಂದು ನಮಸ್ಕಾರ ಕಳಿಸಿ, ಸರ್ವಿಸ್ ದಿನಾಂಕ ನೆನಪಿಸುತ್ತೇವೆ’ ಎಂದು ಅಚ್ಚು ಹಾಕಿಸಿದೆವು. ಗ್ರಾಹಕರೇ ಮೊದಲು ಬರೆದರೆ ಒಪ್ಪಿಗೆಯೂ ಸಿಕ್ಕಿತು, ನಂಬರೂ ಸೇರಿತು.

ಒಪ್ಪಿಗೆ ಇರುವ ಅದೇ ಪಟ್ಟಿಯನ್ನು ಮೆಟಾದಲ್ಲಿ ಜಾಹೀರಾತು ನಡೆಸುವ ಆಡ್ಸ್ ಮ್ಯಾನೇಜರ್‌ಗೆ ಏರಿಸಿದರೆ ‘ಕಸ್ಟಮ್ ಆಡಿಯೆನ್ಸ್’ ಆಗುತ್ತದೆ, ಅಂದರೆ ಆ ಜನರಿಗೇ ಜಾಹೀರಾತು ತೋರಿಸಬಹುದು. ನಂಬರುಗಳು ಎಸ್‌ಎಚ್‌ಎ-256 ಎಂಬ ಗೂಢರೂಪಕ್ಕೆ ತಿರುಗಿ ಹೋಗುತ್ತವೆ. ಎಲ್ಲವೂ ಹೊಂದುವುದಿಲ್ಲ, ಏಕೆಂದರೆ ಬಿಲ್ಲಿಗೆ ಕೊಟ್ಟ ನಂಬರ್ ಒಂದು, ಫೇಸ್‌ಬುಕ್‌ಗೆ ಕೊಟ್ಟದ್ದು ಇನ್ನೊಂದು. ಒಂದೇ ದೇಶದ ಕನಿಷ್ಠ 100 ಜನ ಹೊಂದಿದರೆ, ಅವರನ್ನೇ ಹೋಲುವ ಹೊಸಬರನ್ನು ಹುಡುಕುವ ‘ಲುಕ್‌ಅಲೈಕ್’ ಪಟ್ಟಿ ಮಾಡಬಹುದು. ಇಲ್ಲಿ ಎಲ್ಲರನ್ನೂ ಒಟ್ಟಿಗೆ ಹಾಕದೆ, ಎರಡು ಸಲಕ್ಕಿಂತ ಹೆಚ್ಚು ಖರೀದಿಸಿದವರನ್ನಷ್ಟೇ ಮೂಲವಾಗಿ ಕೊಟ್ಟದ್ದು ಒಳ್ಳೆಯದಾಯಿತು.

ಏಳನೇ ವಾರ ಮೊದಲ ಜಾಹೀರಾತು ಹೊರಟಿತು, ಸೋತಿತು. ಪತ್ರಿಕೆಗೆ ಕೊಟ್ಟಿದ್ದ ಕಾಲು ಪುಟದ ವಿನ್ಯಾಸವನ್ನೇ ಜೆಪೆಗ್ ಮಾಡಿ ಹಾಕಿದ್ದೆವು. ಅದನ್ನು ಫೋನಿನಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ: ಹೆಬ್ಬೆರಳು ಅಗಲದ ಜಾಗದಲ್ಲಿ ಹದಿನಾಲ್ಕು ಸಾಲು, ಐದು ಫೋನ್ ನಂಬರ್, ಮೂರು ಲೋಗೋ, ಕೆಳಗೆ ಇರುವೆ ಸಾಲಿನಂತೆ ‘ಷರತ್ತುಗಳು ಅನ್ವಯಿಸುತ್ತವೆ’. ವಸ್ತುವಿನ ಚಿತ್ರ ಎಲ್ಲಿದೆ ಎಂದು ಹುಡುಕಬೇಕಿತ್ತು. ಚಿತ್ರದಲ್ಲಿ ಅಕ್ಷರ ಶೇ. 20 ಮೀರಬಾರದು ಎಂಬ ಫೇಸ್‌ಬುಕ್ ನಿಯಮ 2020ರಲ್ಲೇ ಹೋಯಿತು, ನಿಜ. ಆದರೆ ಓದುವ ಕಣ್ಣಿಗೆ ಆ ನಿಯಮ ಇನ್ನೂ ಇದೆ.

ಮರುವಾರ ಅದೇ ವಸ್ತುವನ್ನು ಬಳಸುತ್ತಿರುವ ಒಂದು ಕೈ, ಹಗಲು ಬೆಳಕು, ಒಂದು ಸಾಲು ಮಾತು, ಒಂದು ಬಟನ್. ಅಷ್ಟೇ ಇಟ್ಟೆವು. ವಿಚಾರಣೆಗಳು ಶುರುವಾದವು. ಅಳತೆ ಹೀಗಿರಲಿ: ಫೀಡ್‌ಗೆ 1080×1350, ಸ್ಟೋರಿ ಮತ್ತು ರೀಲ್ಸ್‌ಗೆ 1080×1920. ರೀಲ್ಸ್‌ನಲ್ಲಿ ಮೇಲಿನ ಶೇ. 14, ಕೆಳಗಿನ ಶೇ. 35 ಭಾಗದಲ್ಲಿ ಮುಖ್ಯ ಅಕ್ಷರ ಇಡಬೇಡಿ, ತಾಣದ ಹೆಸರು ಮತ್ತು ಬಟನ್‌ಗಳು ಅದರ ಮೇಲೆ ಕೂರುತ್ತವೆ. ಶಬ್ದ ಇಲ್ಲದೆ ನೋಡುವವರು ಬಹಳ, ಹಾಗಾಗಿ ಮಾತನ್ನು ಅಕ್ಷರದಲ್ಲೂ ತೋರಿಸಿ. ಜನಪ್ರಿಯ ಹಾಡು ಸೇರಿಸುವ ಆಸೆ ಬಿಡಿ. ಹಕ್ಕುಸ್ವಾಮ್ಯದಿಂದ ವಿಡಿಯೊ ಮೂಕವಾಗುತ್ತದೆ ಇಲ್ಲವೇ ತೆಗೆದುಹಾಕಲ್ಪಡುತ್ತದೆ. ಮೆಟಾದ ಸೌಂಡ್ ಕಲೆಕ್ಷನ್‌ನಲ್ಲಿ ವ್ಯಾಪಾರಕ್ಕೆ ಬಳಸಬಹುದಾದ ಸಂಗೀತ ಸಿಗುತ್ತದೆ.

ಪೇಜ್‌ನ ಪೋಸ್ಟನ್ನು ಹಣ ಕೊಟ್ಟು ಹೆಚ್ಚು ಜನಕ್ಕೆ ತೋರಿಸುವ ‘ಬೂಸ್ಟ್’ ಗುಂಡಿಯ ಬಗ್ಗೆ ಒಂದು ಮಾತು. ಸುಲಭ ಎಂದು ಒತ್ತಿದ್ದಕ್ಕೆ ಲೈಕ್ ಬಂದವು, ಗ್ರಾಹಕರು ಬರಲಿಲ್ಲ. ಯಂತ್ರ ನಾವು ಕೇಳಿದ್ದನ್ನೇ ಕೊಟ್ಟಿತು. ಆಡ್ಸ್ ಮ್ಯಾನೇಜರ್‌ನಲ್ಲಿ ಮೊದಲು ಉದ್ದೇಶ ಆರಿಸಬೇಕು: ಪ್ರಚಾರ, ಭೇಟಿ, ಒಡನಾಟ, ವಿಚಾರಣೆ, ಆ್ಯಪ್, ಮಾರಾಟ ಎಂಬ ಆರರಲ್ಲಿ ಒಂದು. ವಿಚಾರಣೆ ಬೇಕಿದ್ದರೆ ವಿಚಾರಣೆಯನ್ನೇ ಆರಿಸಿ. ವಿಚಾರಿಸುವ ಸ್ವಭಾವದವರನ್ನು ಹುಡುಕಿ ತೋರಿಸುತ್ತದೆ.

ತಾಳ್ಮೆ ಪರೀಕ್ಷಿಸುವ ಘಟ್ಟ ಆಮೇಲೆ ಬರುತ್ತದೆ. ಹೊಸ ಜಾಹೀರಾತಿಗೆ ಕಲಿಕೆಯ ಅವಧಿ ಇದೆ. ಒಂದು ವಾರದಲ್ಲಿ ಸುಮಾರು 50 ಫಲಿತಾಂಶ ಬಂದರೆ ಅದು ಸ್ಥಿರವಾಗುತ್ತದೆ. ಅಷ್ಟರೊಳಗೆ ಚಿತ್ರ, ಪ್ರೇಕ್ಷಕರು ಅಥವಾ ಬಜೆಟ್‌ನಲ್ಲಿ ದೊಡ್ಡ ಬದಲಾವಣೆ ಮಾಡಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ನಾವು ದಿನಕ್ಕೆರಡು ಸಲ ತಿದ್ದುತ್ತಾ ಹತ್ತು ದಿನ ಹಾಳುಮಾಡಿದೆವು. ಪತ್ರಿಕೆಗೆ ಕೊಟ್ಟ ಜಾಹೀರಾತನ್ನು ಅಚ್ಚಾದ ಮೇಲೆ ಮುಟ್ಟುವ ಹಾಗಿರಲಿಲ್ಲವಲ್ಲ, ಆ ಶಿಸ್ತನ್ನೇ ಇಲ್ಲೂ ಏಳು ದಿನ ಪಾಲಿಸಿ. ಬಜೆಟ್ ಲೆಕ್ಕಕ್ಕೂ ಈ 50 ಬೇಕು: ಒಂದು ವಿಚಾರಣೆಗೆ ಆಗುವ ಖರ್ಚನ್ನು 50ರಿಂದ ಗುಣಿಸಿ ಏಳರಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಹಾಕಬೇಕು ಎಂದು ಸಿಗುತ್ತದೆ. ಅಷ್ಟು ಶಕ್ತಿ ಇಲ್ಲದಿದ್ದರೆ ನಾಲ್ಕು ಗುಂಪಿಗೆ ಹಂಚಬೇಡಿ, ಒಂದೇ ಗುಂಪಿಗೆ ಹಾಕಿ. ಹಂಚಿದರೆ ನಾಲ್ಕೂ ಅರೆಕಲಿಕೆಯಲ್ಲೇ ನಿಲ್ಲುತ್ತವೆ.

ಹತ್ತನೇ ವಾರ ಒಂದು ತಾಣದಲ್ಲಿ ಜಾಹೀರಾತು ಖಾತೆ ಇದ್ದಕ್ಕಿದ್ದಂತೆ ತಡೆಹಿಡಿಯಲ್ಪಟ್ಟಿತು. ಹಿಂದಿನ ದಿನ ಖರ್ಚಿನ ಮಿತಿ ಐದು ಪಟ್ಟು ಏರಿಸಿದ್ದೆವು, ಕಾರ್ಡ್ ಬೇರೊಬ್ಬರ ಹೆಸರಿನಲ್ಲಿತ್ತು, ಒಂದೇ ದಿನ ಮೂರು ಹೊಸ ಸಾಧನದಿಂದ ಲಾಗಿನ್ ಆಗಿದ್ದೆವು. ಕಳ್ಳತನದ ಲಕ್ಷಣಗಳೂ ಇವೇ. ಮನವಿ ಕೊಟ್ಟು ಹನ್ನೊಂದು ದಿನ ಕಾದೆವು. ಆ ಹನ್ನೊಂದು ದಿನ ಫೋನ್ ರಿಂಗಾಗದೆ ಕೂತಾಗ ಇಡೀ ತಂಡಕ್ಕೆ ಕೈ ಕಟ್ಟಿಹಾಕಿದಂತಿತ್ತು. ಕರಪತ್ರ, ಪತ್ರಿಕೆ ನಿಲ್ಲಿಸಿರಲಿಲ್ಲ, ಅದರಿಂದ ವ್ಯಾಪಾರ ನಡೆಯಿತು. ಜಾಲತಾಣ ಬಂತೆಂದು ಹಳೆಯ ದಾರಿಗಳನ್ನು ಮುಚ್ಚಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಖರ್ಚನ್ನು ಮೆಲ್ಲಗೆ ಏರಿಸಿ, ಕಾರ್ಡ್ ಸಂಸ್ಥೆಯ ಹೆಸರಿನಲ್ಲಿರಲಿ, ಲಾಗಿನ್‌ಗೆ ಎರಡು ಹಂತದ ದೃಢೀಕರಣ ಇರಲಿ.

ಇಂಥ ಹೊತ್ತಿನಲ್ಲೇ ಮೋಸಗಾರರು ಬರುತ್ತಾರೆ. ‘ನಿಮ್ಮ ಪೇಜ್ 24 ಗಂಟೆಯಲ್ಲಿ ಅಳಿಸಲಾಗುತ್ತದೆ, ಇಲ್ಲಿ ಒತ್ತಿ’ ಎಂದು ಸಹಾಯ ವಿಭಾಗದ ಹೆಸರು, ಲೋಗೋ ಹಾಕಿಕೊಂಡು ಇನ್‌ಬಾಕ್ಸ್‌ಗೆ ಸಂದೇಶ ಹಾಕುತ್ತಾರೆ. ಗಾಬರಿಯಲ್ಲಿರುವವರು ಒತ್ತಿಬಿಡುತ್ತಾರೆ. ನಿಜವಾದ ಸೂಚನೆ ಖಾತೆಯ ಒಳಗಿನ ಬಿಸಿನೆಸ್ ಸಪೋರ್ಟ್ ಹೋಮ್ (ಹಿಂದೆ ಅಕೌಂಟ್ ಕ್ವಾಲಿಟಿ ಅನ್ನುತ್ತಿದ್ದದ್ದು) ಪುಟದಲ್ಲಿ ಕಾಣುತ್ತದೆ. ಅಲ್ಲಿ ಇಲ್ಲದಿದ್ದರೆ ಅದು ಸುಳ್ಳು.

ಜಾಹೀರಾತು ದಾರಿಗೆ ಬಂದ ಮೇಲೆ ನಾವು ಎಣಿಸಿರದ ಹೊರೆ ಬಿದ್ದದ್ದು ಉತ್ತರಿಸುವ ಕೆಲಸದ ಮೇಲೆ. ಪತ್ರಿಕೆ ಜಾಹೀರಾತು ಮಾತಾಡುವುದಿಲ್ಲ, ಇಲ್ಲಿ ಪ್ರತಿ ಜಾಹೀರಾತಿನ ಕೆಳಗೂ ಜನ ಬಂದು ನಿಲ್ಲುತ್ತಾರೆ. ಸಂದೇಶ ಹೆಚ್ಚು ಬರುವುದು ಕಚೇರಿ ಮುಚ್ಚಿದ ಮೇಲೆ, ರಜಾ ದಿನ. ಬೆಳಿಗ್ಗೆ ಉತ್ತರಿಸುವಷ್ಟರಲ್ಲಿ ಅವರು ಬೇರೆಡೆ ಕೊಂಡಿರುತ್ತಾರೆ. ಕೊನೆಗೆ ಕೌಂಟರಿನಲ್ಲಿ ವರ್ಷಗಟ್ಟಲೆ ಗ್ರಾಹಕರೊಂದಿಗೆ ಮಾತಾಡಿದವರನ್ನೇ ಸಂಜೆ ಪಾಳಿಗೆ ಕೂರಿಸಿದೆವು. ಟೈಪಿಂಗ್ ನಿಧಾನ, ಆದರೆ ಯಾವ ಪ್ರಶ್ನೆಯ ಹಿಂದೆ ಯಾವ ಅನುಮಾನ ಇದೆ ಎಂದು ಅವರಿಗೆ ಗೊತ್ತು. ಪದೇ ಪದೇ ಬರುವ ಹನ್ನೆರಡು ಪ್ರಶ್ನೆಗೆ ವಾಟ್ಸಾಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈ (ಸಿದ್ಧ ಉತ್ತರ) ಬರೆದಿಟ್ಟುಕೊಂಡರು. ‘ಹೊಸಬರು’, ‘ಬೆಲೆ ಕೇಳಿದವರು’, ‘ಮತ್ತೆ ಕರೆಯಬೇಕು’ ಎಂದು ಲೇಬಲ್ ಹಾಕಿದರು. ಬೆಲೆ ಕೇಳಿದವರಿಗೆ ‘ಇನ್‌ಬಾಕ್ಸ್ ನೋಡಿ’ ಅನ್ನುವ ಅಭ್ಯಾಸ ನಿಲ್ಲಿಸಿದೆವು, ಬೆಲೆಯನ್ನು ಎಲ್ಲರೆದುರೇ ಹೇಳುತ್ತೇವೆ. ದೂರಿನ ಕಾಮೆಂಟ್ ಅಳಿಸುವುದಿಲ್ಲ. ಕ್ಷಮೆ ಕೇಳಿ, ಯಾವಾಗ ಸರಿಪಡಿಸುತ್ತೇವೆ ಎಂದು ಅಲ್ಲೇ ಬರೆದು, ಸರಿಪಡಿಸಿದ ಮೇಲೆ ಅದನ್ನೂ ಅಲ್ಲೇ ಬರೆಯುತ್ತೇವೆ.

ಉಳಿದದ್ದು ಅಳತೆ. ಸಾಂಪ್ರದಾಯಿಕರು ಇದರಲ್ಲಿ ಹೆದರಬೇಕಾಗಿಲ್ಲ. ಒಂದೊಂದು ಪತ್ರಿಕೆಯ ಕೂಪನ್‌ಗೆ ಒಂದೊಂದು ಗುರುತು ಹಾಕಿ ಯಾವುದರಿಂದ ಎಷ್ಟು ಬಂತು ಎಂದು ಎಣಿಸುತ್ತಿದ್ದೆವಲ್ಲ, ಲಿಂಕಿನ ಕೊನೆಗೆ ಸೇರಿಸುವ ಯುಟಿಎಂ ಗುರುತೂ ಅದೇ. ಮೂಲ, ಮಾಧ್ಯಮ, ಪ್ರಚಾರದ ಹೆಸರು, ಈ ಮೂರು ಸಾಕು. ಇಂಗ್ಲಿಷಿನ ಚಿಕ್ಕಕ್ಷರದಲ್ಲೇ ಬರೆಯಿರಿ, ದೊಡ್ಡಕ್ಷರ ಬಂದರೆ ಅದನ್ನು ಬೇರೆ ಮೂಲವೆಂದು ಎಣಿಸುತ್ತದೆ. ತಾಣ ತೋರಿಸುವ ಮಾರಾಟದ ಸಂಖ್ಯೆಯನ್ನು ಬಿಲ್ ಪುಸ್ತಕದ ಪಕ್ಕದಲ್ಲಿಟ್ಟೇ ನೋಡಿ. ಮೆಟಾದ ರೂಢಿ ಲೆಕ್ಕದಲ್ಲಿ ಜಾಹೀರಾತು ಒತ್ತಿದ ಏಳು ದಿನದೊಳಗೆ ಅಥವಾ ಬರೀ ನೋಡಿದ ಒಂದು ದಿನದೊಳಗೆ ಕೊಂಡರೆ ಆ ಮಾರಾಟ ಜಾಹೀರಾತಿನ ಖಾತೆಗೆ. ಅದೇ ಗ್ರಾಹಕರ ಕೈಯಲ್ಲಿ ನಿಮ್ಮ ಕರಪತ್ರವೂ ಇದ್ದಿರಬಹುದು. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ಐಫೋನಿನ ತಂತ್ರಾಂಶ ಐಒಎಸ್ 14.5 ತಂದು, ಬೇರೆ ಬೇರೆ ಆ್ಯಪ್‌ಗಳಲ್ಲಿ ಬೆನ್ನುಹತ್ತಲು ಬಳಕೆದಾರರ ಒಪ್ಪಿಗೆ ಕಡ್ಡಾಯ ಮಾಡಿದ ಮೇಲೆ ಕೆಲವು ಸಂಖ್ಯೆಗಳು ಅಂದಾಜು ಮಾತ್ರ. ‘ನಮ್ಮ ಬಗ್ಗೆ ಎಲ್ಲಿ ನೋಡಿದಿರಿ?’ ಎಂದು ಕೌಂಟರಿನಲ್ಲಿ ಕೇಳಿ ಬರೆದುಕೊಳ್ಳುವ ಹಳೆಯ ಕ್ರಮವನ್ನು ಬಿಡಲಿಲ್ಲ, ಹೆಚ್ಚು ನಂಬುವುದೂ ಅದನ್ನೇ.

ಖರ್ಚು ಹೇಗೆ ಹಂಚಿಹೋಯಿತು ಎಂದರೆ, ಹತ್ತು ಪಾಲಿನಲ್ಲಿ ನಾಲ್ಕು ತಾಣಗಳಿಗೆ, ಮೂರು ಉತ್ತರಿಸುವವರ ಸಂಬಳಕ್ಕೆ, ಎರಡು ಫೋಟೊ ಮತ್ತು ವಿಡಿಯೊಗೆ, ಒಂದು ವೆಬ್‌ಸೈಟಿಗೆ. ಶುರುವಿನಲ್ಲಿ ಹತ್ತೂ ತಾಣಗಳಿಗೇ ಎಂದು ಬರೆದಿದ್ದೆವು.

ಈ ವಾರ ಹೊಸ ಕರಪತ್ರ ಅಚ್ಚಿಗೆ ಹೋಗಿದೆ. ಅದರ ಮೂಲೆಯಲ್ಲಿ ವಾಟ್ಸಾಪ್‌ಗೆ ಕರೆದೊಯ್ಯುವ ಕ್ಯೂಆರ್ ಕೋಡ್ ಇದೆ, ಬ್ಯಾನರಿಗೆ ಬೇರೆ ಕೋಡ್, ಪತ್ರಿಕೆಗೆ ಇನ್ನೊಂದು. ನೋಡುವ ದೂರದ ಹತ್ತನೇ ಒಂದರಷ್ಟು ಅಗಲ ಇಡುವುದು ರೂಢಿ: ಕೈಯಲ್ಲಿ ಹಿಡಿಯುವ ಹಾಳೆಗೆ ಮೂರು ಸೆಂಟಿಮೀಟರ್, ಮೂರು ಮೀಟರ್ ದೂರದ ಬ್ಯಾನರಿಗೆ ಮೂವತ್ತು. ಸುತ್ತ ಕೋಡಿನ ನಾಲ್ಕು ಪುಟ್ಟ ಚೌಕದಷ್ಟು ಬಿಳಿ ಅಂಚು ಬಿಡಬೇಕು. ಕರಡಿನಲ್ಲಿ ವಿನ್ಯಾಸಕಾರರು ಆ ಅಂಚಿನೊಳಕ್ಕೆ ಬಣ್ಣ ತುಂಬಿಬಿಟ್ಟಿದ್ದರು, ಎರಡು ಫೋನ್‌ಗಳು ಅದನ್ನು ಓದಲೇ ಇಲ್ಲ. ಲಿಂಕ್ ನಮ್ಮದೇ ಡೊಮೇನಿನ ಮೂಲಕ ಹಾಯ್ದುಹೋಗುತ್ತದೆ, ನಾಳೆ ನಂಬರ್ ಬದಲಾದರೂ ಅಚ್ಚಾದ ಕಾಗದ ವ್ಯರ್ಥವಾಗದು. ಉಚಿತವಾಗಿ ಮಾಡಿಕೊಡುವ ಕೆಲವು ಡೈನಾಮಿಕ್ ಕೋಡ್‌ಗಳು (ಅಚ್ಚಾದ ಮೇಲೂ ಲಿಂಕ್ ಬದಲಾಯಿಸಬಹುದಾದವು) ಪ್ರಾಯೋಗಿಕ ಅವಧಿ ಮುಗಿದ ಮೇಲೆ ಕೆಲಸ ನಿಲ್ಲಿಸುತ್ತವೆ. ಅಚ್ಚಿಗೆ ಕೊಡುವ ಮುಂಚೆ ಕರಡನ್ನು ಹಳೆಯ ಫೋನು, ಹೊಸ ಫೋನು ಎರಡರಲ್ಲೂ, ಮಬ್ಬು ಬೆಳಕಿನಲ್ಲೂ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ.